ಕಡಲಸೌತೆಯ ಪೂರ್ವವೃತ್ತಾಂತ

ಕಲ್ಲಿನಲ್ಲಿ ಅಡಗಿರುವ ಪುರಾತನ ಜೀವಿಗಳೆಂದೊಡನೆ ವಾಚಕರ ಕಣ್ಣ ಮುಂದೆ ಬಂದು ನಿಲ್ಲುವುವು ದೈತ್ಯಾಕಾರದ ಡೈನೋಸಾರುಗಳು. ಅವುಗಳ ತೊಡೆಯ ಮೂಳೆ, ಬೆನ್ನಿನ ಮಣಿ, ಹಲ್ಲು, ಮೊಟ್ಟೆ ಎಲ್ಲವನ್ನೂ ನಾವು ಚಿತ್ರಗಳಲ್ಲಿ ನೋಡಿದ್ದೇವೆ. ಮೂಳೆ ಗಟ್ಟಿ, ಆದಕಾರಣ ಉಳಿಯಿತು. ಚಿಪ್ಪು ಗಟ್ಟಿ, ಅದೂ ಉಳಿಯಿತು. ಹಾಗಾದರೆ ಬೆನ್ನುಮೂಳೆಯೂ ಇಲ್ಲದ, ಚಿಪ್ಪೂ ಇಲ್ಲದ ಮೆತ್ತನೆಯ ಜೀವಿಗಳ ಗತಿಯೇನು? ಅವು ಕೋಟಿಗಟ್ಟಲೆ ವರ್ಷ ಬಾಳಿ ಅಳಿದುಹೋಗಿದ್ದರೆ, ಅವು ಒಂದು ಕಾಲಕ್ಕೆ ಇದ್ದುವೆಂದು ನಮಗೆ ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವರ ಕಥೆಯನ್ನು, ಒಂದು ಬಡಪ್ರಾಣಿಯನ್ನು ಮುಂದಿಟ್ಟುಕೊಂಡು, ಇಲ್ಲಿ ಹೇಳುತ್ತೇನೆ. ಆ ಪ್ರಾಣಿಯ ಹೆಸರು ಕಡಲಸೌತೆ.

ಹೆಸರನ್ನು ಕೇಳಿ ಇದೊಂದು ತರಕಾರಿಯೆಂದು ಗೃಹಿಣಿಯರು ಭಾವಿಸಬಾರದು. ಮೈ ಉದ್ದವಾಗಿ, ದುಂಡಗೆ, ಮೇಲೆಲ್ಲ ಗಂಟುಗಂಟಾಗಿ ಸೌತೆಕಾಯಿಯಂತೆ ಕಾಣುವುದರಿಂದ ಯೂರೋಪಿನ ಜನ ಇದನ್ನು ಕಡಲಿನ ಸೌತೆಯೆಂದು ಕರೆದರು. ನಾವೂ ಅದನ್ನೇ ಕನ್ನಡಿಸಿಕೊಂಡೆವು. ಮನ್ನಾರ್ ಕೊಲ್ಲಿಯ ತಮಿಳು ಬೆಸ್ತರು ಇದನ್ನು ‘ಕಡಲ್ ಅಟ್ಟೈ’ ಎನ್ನುತ್ತಾರೆ. ಎಂದರೆ ಕಡಲ ಜಿಗಣೆ. ನಿಜವಾಗಿ ಇದು ಸೌತೆಯೂ ಅಲ್ಲ, ಜಿಗಣೆಯೂ ಅಲ್ಲ. ಇದರ ದಾಯಾದಿಗಳು ನಕ್ಷತ್ರಮೀನು ಮತ್ತು ಮೈತುಂಬ ಮುಳ್ಳು ತುಂಬಿದ ಚೆಂಡಿನಂಥ ಸೀ ಅರ್ಚಿನ್. ಈ ಬಂಧುವರ್ಗಕ್ಕೆಲ್ಲ ಪ್ರಾಣಿಶಾಸ್ತ್ರದಲ್ಲಿ ಕಂಟಕಚರ್ಮಿಗಳೆಂದು ಹೆಸರು. ನಕ್ಷತ್ರಮೀನಿಗೆ ಸಾಮಾನ್ಯವಾಗಿ ಐದು ತೋಳುಗಳಿರುವುದು ನಿಮಗೆ ಗೊತ್ತೇ ಇದೆ. ಕಡಲಸೌತೆಗೆ ತೋಳುಗಳಿಲ್ಲವಾದರೂ ಅದರ ಒಳಗಿನ ರಚನೆಯೂ ಐದರ ಲೆಕ್ಕದಲ್ಲಿಯೇ ನಡೆಯುತ್ತದೆ. ಒಂದು ತುದಿಯಲ್ಲಿ ಬಾಯಿ, ಬಾಯಿಯ ಸುತ್ತಲೂ ಕುಚ್ಚಿನಂಥ ಗ್ರಹಣಾಂಗಗಳು. ಅನೇಕ ಬಗೆಯವು ಕಡಲಿನ ತಳದ ಕೆಸರನ್ನೂ ಮರಳನ್ನೂ ನುಂಗಿ, ಅದರಲ್ಲಿರುವ ಆಹಾರವನ್ನು ಜೀರ್ಣಿಸಿಕೊಂಡು, ಉಳಿದುದನ್ನು ಹೊರಕ್ಕೆ ಬಿಡುತ್ತವೆ. ಹೊಲಕ್ಕೆ ಎರೆಹುಳು ಹೇಗೋ ಕಡಲತಳಕ್ಕೆ ಇವು ಹಾಗೆ. ಇಂದು ಜೀವಿಸಿರುವ ಇವುಗಳಲ್ಲಿ 1,700ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ.

ಸೀ ಅರ್ಚಿನ್ನಿನ ಮೈಗೆ ಸುಣ್ಣದ ಗಟ್ಟಿ ಕವಚವುಂಟು. ಅದು ಸತ್ತ ಮೇಲೂ ಕವಚ ಉಳಿದು, ಕಲ್ಲಾಗಿ, ನಮ್ಮ ಕೈಸೇರುತ್ತದೆ. ಕಡಲಸೌತೆಗೆ ಆ ಭಾಗ್ಯವಿಲ್ಲ. ಅದರ ಮೈ ತೊಗಲಿನ ಚೀಲದಂತೆ. ಆದರೆ ಆ ತೊಗಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಆಶ್ಚರ್ಯ ಕಾದಿರುತ್ತದೆ. ಕವಚ ಪೂರ್ತಿ ಹೋಗಿಲ್ಲ. ಪುಡಿಪುಡಿಯಾಗಿ ಚರ್ಮದೊಳಗೇ ಹರಡಿಕೊಂಡಿದೆ! ಸುಣ್ಣದ ಈ ಕಣಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗಿಂತಲೂ ಚಿಕ್ಕವು. ರಾಗಿಯ ಕಾಳು ಇವುಗಳ ಮುಂದೆ ಗುಂಡುಕಲ್ಲು. ಆದರೆ ಆಕಾರದಲ್ಲಿ ಎಷ್ಟು ವೈವಿಧ್ಯ! ಕೆಲವು ಅರೆಕಾಲುಗಳುಳ್ಳ ಗಾಡಿಯ ಚಕ್ರದಂತೆ, ಕೆಲವು ಹಡಗಿನ ಲಂಗರಿನಂತೆ, ಕೆಲವು ಅಂಗಿಯ ಗುಂಡಿಯಂತೆ, ಕೆಲವು ಗಾಳದ ಕೊಕ್ಕೆಯಂತೆ, ಮತ್ತೆ ಕೆಲವು ತೂತು ತೂತಾದ ಜರಡಿಯ ತುಂಡಿನಂತೆ. ಯಾವ ಅಕ್ಕಸಾಲಿಯೂ ಇಷ್ಟು ಚಿಕ್ಕದಾಗಿ ಇಷ್ಟು ಅಚ್ಚುಕಟ್ಟಾಗಿ ಕೆತ್ತಲಾರ. ಇವಲ್ಲದೆ ಗಂಟಲಿನ ಸುತ್ತಲೂ ಸುಣ್ಣದ ಒಂದು ಬಳೆಯುಂಟು. ಅದು ಸಾಮಾನ್ಯವಾಗಿ ಹತ್ತು ತುಂಡುಗಳಿಂದ ಕೂಡಿದ್ದು.

ಪ್ರಾಣಿ ಸತ್ತಿತೆನ್ನಿ. ಮೈ ಬೇಗ ಕೊಳೆತು ಕರಗುತ್ತದೆ. ಚರ್ಮ ಹೋದ ಮೇಲೆ ಕಣಗಳನ್ನು ಹಿಡಿದಿಡುವವರಿಲ್ಲ. ನೀರಿನ ಸೆಳೆತಕ್ಕೆ ಸಿಕ್ಕಿ ಅವು ಚೆಲ್ಲಾಪಿಲ್ಲಿಯಾಗಿ ಕೆಸರಿನಲ್ಲಿ ಬೆರೆಯುತ್ತವೆ. ಕೆಸರಿನ ಮೇಲೆ ಕೆಸರು ಕೂಡಿ, ಯುಗಯುಗಾಂತರಗಳಲ್ಲಿ ಅದೇ ಶಿಲೆಯಾಗುತ್ತದೆ. ಹೀಗೆ ಅಳಿದುಹೋದ ಕಡಲಸೌತೆಗಳಲ್ಲಿ ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ಈ ಪುಡಿ ಮಾತ್ರ. ಅದನ್ನು ಹುಡುಕುವ ಕ್ರಮವೂ ಸರಳವೇ. ಜೇಡಿಬೆರೆತ ಮೆತ್ತನೆಯ ಶಿಲೆಯನ್ನು ನೀರಿನಲ್ಲಿ ನೆನೆಯಿಟ್ಟು ಬಿಡಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾರೆ. ಮಣ್ಣು ಹರಿದುಹೋಗಿ ಜರಡಿಯಲ್ಲಿ ನಿಂತ ಗಸಿಯನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಒಂದೊಂದೇ ಕಣವನ್ನು ಆರಿಸಿ ತೆಗೆಯುತ್ತಾರೆ. ನಮ್ಮ ಮನೆಗಳಲ್ಲಿ ತಾಯಂದಿರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವಂತೆಯೇ ಇದೂ ಕಣ್ಣಿನ ಮತ್ತು ತಾಳ್ಮೆಯ ಕೆಲಸ.

ಈ ಕೆಲಸಕ್ಕೆ ತೊಡಗಿದವರಲ್ಲಿ ಕೆಲವರನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನ ಕಾರ್ಬೋನಿಫೆರಸ್ ಯುಗದ ಶಿಲೆಗಳಲ್ಲಿ ದೊರೆತ ಗಾಳದಂಥ ಕೊಕ್ಕೆಗಳಿಗೆ ರಾಬರ್ಟ್ ಎಥೆರಿಜ್ ಎಂಬವರು 1881ರಲ್ಲಿ ‘ಅಕಿಸ್ಟ್ರಮ್’ ಎಂದು ನಾಮಕರಣ ಮಾಡಿದರು. ಫ್ರಾನ್ಸಿನ ಶಾರ್ಲ್ ಶ್ಲುಂಬರ್ಜೆ ಎಂಬವರು ಚಕ್ರಾಕಾರದ ಕಣಗಳಿಗೆ 1890ರಲ್ಲಿ ‘ಥೀಲಿಯ’ ಎಂಬ ಹೆಸರನ್ನು ಕೊಟ್ಟರು. ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಭೂಮಂಡಲವನ್ನು ಸುತ್ತಿ ಸಂಗ್ರಹಿಸಿ ತಂದ ಕಡಲಸೌತೆಗಳನ್ನು ಪರಿಶೀಲಿಸಿ ವರ್ಣಿಸಿದ ಸ್ವೀಡನ್ನಿನ ವಿದ್ವಾಂಸ ಯಾಲ್ಮರ್ ಥೇಲ್ ಅವರ ಹೆಸರು ಅದರಲ್ಲಿ ಅಡಗಿದೆ. ಆಲ್ಪ್ಸ್ ಪರ್ವತಗಳ ಟ್ರಯಾಸಿಕ್ ಯುಗದ ಶಿಲೆಗಳಲ್ಲಿ ಇಂಥ ಕಣಗಳು ಎಷ್ಟು ಹೇರಳವೆಂದರೆ, ಅವುಗಳನ್ನು ನೋಡಿ ಶಿಲೆಯ ವಯಸ್ಸನ್ನು ಹೇಳುವುದೂ ಉಂಟು. ನಮ್ಮ ದೇಶದಲ್ಲಿಯೂ ಕಚ್ಛದ ಜುರಾಸಿಕ್ ಯುಗದ ಶಿಲೆಗಳಲ್ಲಿ ಅವು ದೊರೆತಿವೆ. ಈಗ ಮಳೆಗೆ ಬಾಯಿಬಿಡುವ ಆ ಒಣನೆಲ ಆಗ ಕಡಲ ತಳವಾಗಿತ್ತು.

ಇಷ್ಟು ಕೇಳಿದ ಮೇಲೆ ವಾಚಕರು, ‘ಕಣ ಸಿಕ್ಕಿತು, ಹೆಸರಿಟ್ಟರು, ಕೆಲಸ ಮುಗಿಯಿತಲ್ಲ?’ ಎನ್ನಬಹುದು. ನಿಜವಾದ ತೊಡಕು ಆರಂಭವಾಗುವುದೇ ಇಲ್ಲಿ. ಒಂದೇ ಕಡಲಸೌತೆಯ ಮೈಯಲ್ಲಿ ಎರಡು ಮೂರು ಬಗೆಯ ಕಣಗಳು ಇರಬಹುದು: ಲಂಗರೂ ಇರುತ್ತದೆ, ಅದಕ್ಕೆ ಆಧಾರವಾದ ತೂತುಬಿಲ್ಲೆಯೂ ಇರುತ್ತದೆ. ಬೆನ್ನಿನ ಕಡೆಯ ಕಣವೇ ಬೇರೆ, ಹೊಟ್ಟೆಯ ಕಡೆಯದೇ ಬೇರೆ, ಗ್ರಹಣಾಂಗದ್ದೇ ಬೇರೆ ಆಗಿರುವುದುಂಟು. ಅದಕ್ಕೆ ವಿರುದ್ಧವಾಗಿ, ಬೇರೆ ಬೇರೆ ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದ ಬಿಲ್ಲೆಗಳು ಇರುವುದೂ ಉಂಟು. ಹಳೆಯ ಮಠದ ಅಟ್ಟದ ಮೇಲೆ ದಾರ ಹರಿದು ಚದುರಿದ ತಾಳೆಗರಿಗಳು ಸಿಕ್ಕುವೆನ್ನಿ. ಮೂರು ಗರಿ ಸಿಕ್ಕಿದರೆ ಮೂರು ಗ್ರಂಥಗಳೆಂದು ಹೇಳಬಹುದೆ? ಒಂದೇ ಗ್ರಂಥದ ಮೂರು ಗರಿಗಳೇಕಾಗಿರಬಾರದು? ಬರಹ ಒಂದೇ ಬಗೆಯದಾಗಿದ್ದರೆ ಗ್ರಂಥವೂ ಒಂದೇ ಎನ್ನಬಹುದೆ? ಒಬ್ಬನೇ ಲಿಪಿಕಾರ ಹತ್ತು ಗ್ರಂಥಗಳನ್ನು ಪ್ರತಿಮಾಡಿರಬಹುದಲ್ಲವೆ? ಕಡಲಸೌತೆಯ ಕಣಗಳನ್ನು ಓದುವವರ ಕಷ್ಟವೂ ಅದೇ.

ಆದ್ದರಿಂದ ಈ ಶಾಸ್ತ್ರದಲ್ಲಿ ಒಂದು ಒಪ್ಪಂದವನ್ನು ಮಾಡಿಕೊಂಡರು. ಬಿಡಿಕಣಗಳಿಗೆ ಇಟ್ಟ ಹೆಸರು ಕಣದ ಆಕಾರಕ್ಕೆ ಇಟ್ಟ ಹೆಸರೇ ಹೊರತು ಪ್ರಾಣಿಗೆ ಇಟ್ಟದ್ದೆಂದು ತಿಳಿಯಕೂಡದು. ಅಮೆರಿಕದ ಡಾನಲ್ಡ್ ಫ್ರಿಜೆಲ್ ಮತ್ತು ಹ್ಯಾರಿಯೆಟ್ ಎಕ್ಸ್‌ಲೈನ್ ಎಂಬಿಬ್ಬರು ಅಲ್ಲಿಯವರೆಗೆ ದೊರೆತಿದ್ದ ಕಣಗಳನ್ನೆಲ್ಲ ಒಂದು ಕಡೆ ಕೂಡಿಸಿ, ವರ್ಗೀಕರಿಸಿ, 1955ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದು ಒಂದು ಬಗೆಯ ನಿಘಂಟು. ನಿಘಂಟಿನಲ್ಲಿ ಶಬ್ದಗಳೆಲ್ಲ ಇರುತ್ತವೆ. ಕಾವ್ಯ ಮಾತ್ರ ಇರುವುದಿಲ್ಲ. ಆ ಶಬ್ದಗಳು ಸೇರಿ ಯಾವ ವಾಕ್ಯವಾಗಿದ್ದುವೆಂದು ತಿಳಿಯಬೇಕಾದರೆ ಇಡಿಯ ದೇಹವೇ ಸಿಕ್ಕಬೇಕು.

ಇಡಿಯ ದೇಹ ಸಿಕ್ಕುವುದು ತೀರ ಅಪರೂಪ, ಆದರೆ ಸಿಕ್ಕಿದೆ. ಜರ್ಮನಿಯಲ್ಲಿ ಹುನ್ಸ್‌ರುಕ್ ಎಂಬ ಬೆಟ್ಟಸೀಮೆಯುಂಟು. ಅಲ್ಲಿಯದು ಸ್ಲೇಟುಕಲ್ಲು: ನಾವು ಚಿಕ್ಕಂದಿನಲ್ಲಿ ಬಳಪ ಹಿಡಿದು ಅಕ್ಷರ ತಿದ್ದಿದ ಹಲಗೆಯ ಜಾತಿಯದು. ಜನ ಅದನ್ನು ಮನೆಯ ಮಾಡಿಗೆ ಹೊದಿಸಲೆಂದು ಅಗೆಯುತ್ತಿದ್ದರು. ಸುಮಾರು 40 ಕೋಟಿ ವರ್ಷಗಳ ಹಿಂದೆ, ಡಿವೋನಿಯನ್ ಯುಗದಲ್ಲಿ, ಅದು ಕಡಲ ತಳದ ನುಣ್ಣನೆಯ ಕೆಸರು. ಅಲ್ಲಿ ಹೂತುಹೋದ ಪ್ರಾಣಿಗಳ ಮೈ ಕೆಲವೆಡೆ ಪೈರೈಟ್ ಎಂಬ ಖನಿಜವಾಗಿ ಮಾರ್ಪಟ್ಟಿತು. ಕಬ್ಬಿಣವೂ ಗಂಧಕವೂ ಸೇರಿ ಆದ ಖನಿಜ ಅದು, ಹೊಂಬಣ್ಣದಿಂದ ಹೊಳೆಯುತ್ತದೆ. ಈ ಖನಿಜ ಕ್ಷಕಿರಣವನ್ನು ತನ್ನ ಸುತ್ತಲಿನ ಸ್ಲೇಟಿಗಿಂತ ಹೆಚ್ಚಾಗಿ ತಡೆಯುತ್ತದೆ. ಆದಕಾರಣ, ಆಸ್ಪತ್ರೆಯಲ್ಲಿ ವೈದ್ಯರು ಮುರಿದ ಮೂಳೆಯ ಚಿತ್ರ ತೆಗೆಯುವಂತೆ, ಕಲ್ಲನ್ನು ಒಡೆಯದೆಯೇ ಒಳಗಿನ ಪ್ರಾಣಿಯ ಚಿತ್ರವನ್ನು ತೆಗೆಯಬಹುದು. ಲೇಮನ್ ಎಂಬ ವಿದ್ವಾಂಸರು ಇದೇ ಉಪಾಯದಿಂದ ಅಲ್ಲಿಯ ಫಲಕವೊಂದರಲ್ಲಿ ಅಡಗಿದ್ದ ಕಡಲಸೌತೆಯನ್ನು ಕಂಡುಹಿಡಿದು 1958ರಲ್ಲಿ ಪ್ರಕಟಿಸಿದರು. ‘ಪೇಲಿಯೊಕುಕುಮೇರಿಯ’ ಎಂದು ಅದರ ಹೆಸರು. ಪುರಾತನವಾದ ಸೌತೆ ಎಂದೇ ಅರ್ಥ.

ಅಮೆರಿಕದ ಇಲಿನಾಯ್ ಸಂಸ್ಥಾನದ ಮೇಜನ್ ಕ್ರೀಕ್ ಎಂಬಲ್ಲಿಯೂ ಹೀಗೆಯೇ. ಅಲ್ಲಿ ಕಲ್ಲಿದ್ದಲಿನ ಗಣಿಗಳಿಂದ ಹೊರಗೆ ಸುರಿದ ಮಣ್ಣಿನ ರಾಶಿಗಳಲ್ಲಿ ಕಬ್ಬಿಣಾಂಶದ ಉಂಡೆಗಲ್ಲುಗಳು ದೊರೆಯುತ್ತವೆ. ಅವನ್ನು ಎರಡು ಹೋಳಾಗಿ ಒಡೆದರೆ ಸುಮಾರು 31 ಕೋಟಿ ವರ್ಷಗಳಷ್ಟು ಹಿಂದಿನ ಮೆತ್ತನೆಯ ಜೀವಿಗಳ ಅಚ್ಚು ಕಾಣಬರುವುದುಂಟು. ಅವುಗಳಲ್ಲಿ ಕಡಲಸೌತೆಯೂ ಸೇರಿದೆ. ಉದ್ದನೆಯ ಚೀಲದಂಥ ಮೈ, ಒಂದು ತುದಿಯಲ್ಲಿ ಗಂಟಲಿನ ಬಳೆಯ ಗುರುತು. ಅದರ ಚರ್ಮದಲ್ಲಿದ್ದ ಕಣಗಳನ್ನು ಪರೀಕ್ಷಿಸಿದಾಗ ಕಂಡದ್ದು ಎಥೆರಿಜ್ ಹೆಸರಿಟ್ಟಿದ್ದ ಆ ಗಾಳದ ಕೊಕ್ಕೆಗಳು! ಕೊಕ್ಕೆಗಿಟ್ಟ ಹೆಸರಿಗೆ ಕೊನೆಗೂ ಒಂದು ಮೈ ದೊರೆಯಿತು. ಅಂಥ ಕೊಕ್ಕೆಗಳನ್ನು ಹೊತ್ತ ಆ ಕುಟುಂಬವೇ ಇಂದು ಭೂಮಿಯ ಮೇಲಿಲ್ಲ.

ಆದರೆ ಮೈ ಸಿಕ್ಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದೂ ತಿಳಿಯಬಾರದು. ಕೆನಡಾದ ಬರ್ಜೆಸ್ ಶೇಲ್ ಎಂಬ ಶಿಲೆಯನ್ನು 1909ರಲ್ಲಿ ಕಂಡುಹಿಡಿದ ಚಾರ್ಲ್ಸ್ ವಾಲ್ಕಾಟ್ ದೊಡ್ಡ ವಿದ್ವಾಂಸರು. ಸುಮಾರು 51 ಕೋಟಿ ವರ್ಷಗಳ ಹಿಂದಿನ ಆ ಶಿಲೆಯಲ್ಲಿ ದೊರೆತ ಕೆಲವು ಜೀವಿಗಳನ್ನು ಅವರು 1911ರಲ್ಲಿ ಕಡಲಸೌತೆಗಳೆಂದು ವರ್ಣಿಸಿದರು. ಅವುಗಳಲ್ಲಿ ಒಂದರ ಹೆಸರು ‘ಲಗೇನಿಯ’. ಅದೇ ಲೇಖನದಲ್ಲಿ, ನಡುವೆ ತೂತಿರುವ ಬಿಲ್ಲೆಯಂಥ ಇನ್ನೊಂದು ಅವಶೇಷವನ್ನು ‘ಪೇಟೋಯಿಯ’ ಎಂದು ಕರೆದು, ಅದೊಂದು ಅಂಬಲಿಮೀನು ಎಂದರು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, 1985ರಲ್ಲಿ, ವಿಟಿಂಗ್ಟನ್ ಮತ್ತು ಬ್ರಿಗ್ಸ್ ಎಂಬವರು ಆ ಶಿಲೆಗಳನ್ನು ಮತ್ತೆ ಪರಿಶೀಲಿಸಿ ಪ್ರಕಟಿಸಿದ ಸಂಗತಿ ಏನೆಂದು ಬಲ್ಲಿರಾ? ಅಂಬಲಿಮೀನು ಅಂಬಲಿಮೀನಲ್ಲ, ಅದು ಬಾಯಿ; ಕಡಲಸೌತೆ ಕಡಲಸೌತೆಯಲ್ಲ, ಅದು ಆ ಬಾಯಿಯುಳ್ಳ ಪ್ರಾಣಿಯ ಮೈ! ಎರಡೂ ಸೇರಿ ಒಂದೇ ಜೀವಿ. ಸಂಧಿಪದಿಗಳಿಗೆ ಬಂಧುವಾದ, ಈಜುವ ಒಂದು ಜೀವಿ. ವಾಲ್ಕಾಟ್ ಕಡಲಸೌತೆಯೆಂದ ‘ಎಲ್ಡೋನಿಯ’ವನ್ನೂ ಈಗ ಬೇರೊಂದು ಅಳಿದ ಪಂಗಡಕ್ಕೆ ಸೇರಿಸಿದ್ದಾರೆ. ಕುರುಡರು ಆನೆಯನ್ನು ಮುಟ್ಟಿದ ಕಥೆ ನೆನಪಾಗುತ್ತದಲ್ಲವೆ? ಆದರೂ ವಾಲ್ಕಾಟರನ್ನು ನೋಡಿ ನಗುವುದು ನ್ಯಾಯವಲ್ಲ. ಕಂಡದ್ದನ್ನು ಅವರು ಚಿತ್ರಸಹಿತ ಪ್ರಕಟಿಸಿದರು, ಮಾದರಿಗಳನ್ನು ಜೋಪಾನವಾಗಿ ಕಾಪಾಡಿದರು. ಆದಕಾರಣವೇ ಮುಂದಿನವರು ತಪ್ಪನ್ನು ತಿದ್ದಲು ಸಾಧ್ಯವಾಯಿತು.

ಹಾಗಾದರೆ ನಿಜವಾದ ಕಡಲಸೌತೆಗಳ ವಂಶ ಎಷ್ಟು ಹಳೆಯದು? ಅವುಗಳವೆಂದು ಗುರುತಿಸಿರುವ ಅತಿ ಪ್ರಾಚೀನ ಕಣಗಳು ಆರ್ಡೋವಿಸಿಯನ್ ಯುಗದ ಮಧ್ಯಭಾಗದವು. ಎಂದರೆ ಸುಮಾರು 46 ಕೋಟಿ ವರ್ಷಗಳ ಹಿಂದಿನವು. ಆ ಪ್ರಾಚೀನ ಸಮುದ್ರಗಳಲ್ಲಿ ಇವುಗಳ ಹತ್ತಿರದ ಇನ್ನೊಂದು ಬಂಧುವರ್ಗವೂ ಇತ್ತು. ಅದರ ಒಂದು ಪ್ರತಿನಿಧಿಯನ್ನು ಇಂಗ್ಲೆಂಡಿನ ಹೆರಿಫರ್ಡ್‌ಷೈರಿನ 43 ಕೋಟಿ ವರ್ಷಗಳ ಹಿಂದಿನ ಶಿಲೆಯಿಂದ ತೆಗೆದು 2019ರಲ್ಲಿ ಪ್ರಕಟಿಸಿದರು. ಅದರ ಅಗಲ ಸುಮಾರು ಮೂರು ಸೆಂಟಿಮೀಟರು. ಮೈಯೆಲ್ಲ ಸುಣ್ಣದ ಫಲಕಗಳು. ನೀರಿನಿಂದ ಉಬ್ಬಿ ಚಲಿಸುವ ನಾಳಪಾದಗಳಿಗೂ ಕವಚ. ಬಹಳ ಕಾಲುಗಳ ಅದರ ವಿಕಾರರೂಪವನ್ನು ಕಂಡು, ಅಮೆರಿಕದ ಕಥೆಗಾರ ಲವ್‌ಕ್ರಾಫ್ಟ್ ಕಲ್ಪಿಸಿದ ರಾಕ್ಷಸನ ಹೆಸರಿನಿಂದ ‘ಸೊಲ್ಲಾಸಿನ ಕ್ಥುಲು’ ಎಂದು ಅದನ್ನು ಕರೆದರು.

ಈ ಪುಟ್ಟ ರಾಕ್ಷಸನನ್ನು ನೋಡಿದ ರೀತಿ ಕೇಳತಕ್ಕದ್ದು. ಪಳೆಯುಳಿಕೆಯನ್ನು ಕಲ್ಲಿನ ಸಮೇತ ಪದರ ಪದರವಾಗಿ ಸವೆಸುತ್ತ, ಪ್ರತಿಯೊಂದು ಪದರದ ಛಾಯಾಚಿತ್ರವನ್ನೂ ತೆಗೆದು, ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿ ಇಡಿಯ ರೂಪವನ್ನು ಮತ್ತೆ ಕಟ್ಟಿದರು. ಹೀಗೆ ಕಲ್ಲನ್ನು ಸವೆಸಿ ಓದುವ ಕ್ರಮವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದವರು ವಿಲಿಯಂ ಸೊಲ್ಲಾಸ್. ‘ಸೊಲ್ಲಾಸಿನ’ ಎಂಬ ಹೆಸರಿನಲ್ಲಿ ಅವರ ನೆನಪಿದೆ. ಕೆಲಸ ಮುಗಿಯುವ ವೇಳೆಗೆ ಅಮೂಲ್ಯವಾದ ಆ ಕಲ್ಲು ಪುಡಿಯಾಗಿ ಹೋಗಿರುತ್ತದೆ. ಉಳಿಯುವುದು ಚಿತ್ರ ಮಾತ್ರ. ಆದರೆ ಆ ಬಲಿಯಿಂದ, ಅದರ ಒಡಲಲ್ಲಿ ನೀರನ್ನು ಹರಿಸುತ್ತಿದ್ದ ಉಂಗುರದಂಥ ನಾಳವೂ ಕಾಣಬಂದಿತು. ನಕ್ಷತ್ರಮೀನಿನಲ್ಲಿಯೂ ಕಡಲಸೌತೆಯಲ್ಲಿಯೂ ಇಂದಿಗೂ ಇಂಥದೇ ನಾಳವಿದೆ.

ಈಗ ಒಟ್ಟು ಚಿತ್ರವನ್ನು ನೋಡಿ. ಕವಚಧಾರಿಗಳ ಕುಲದಲ್ಲಿ ಹುಟ್ಟಿದ ಈ ಪ್ರಾಣಿಯ ಪೂರ್ವಿಕರು ಕಾಲಕ್ರಮದಲ್ಲಿ ತಮ್ಮ ಕವಚವನ್ನು ಕಿರಿದುಮಾಡುತ್ತ ಬಂದು, ಕಡೆಗೆ ಅದನ್ನು ಚರ್ಮದೊಳಗಿನ ಪುಡಿಯಾಗಿ ಉಳಿಸಿಕೊಂಡರು. ಅದರಿಂದ ಮೈ ಬಾಗಿಬಳುಕುವಂತಾಯಿತು. ಕೆಸರಿನಲ್ಲಿ ಹೂಳಿಕೊಳ್ಳುವುದಕ್ಕೂ ಬಂಡೆಯ ಬಿರುಕಿನಲ್ಲಿ ನುಸುಳುವುದಕ್ಕೂ ಅನುಕೂಲವಾಯಿತು. ಆದರೆ ಕವಚದೊಡನೆ ಕಲ್ಲಿನಲ್ಲಿ ನಿಲ್ಲುವ ರೂಪವೂ ಹೋಯಿತು. ಕಡಲಸೌತೆಯ ಚರಿತ್ರೆ ನಮಗೆ ಚೂರುಚೂರಾಗಿ ದೊರೆಯುವುದು ಬರಿಯ ಆಕಸ್ಮಿಕವಲ್ಲ; ಆ ಚರಿತ್ರೆಯೇ ಮಾಡಿದ ಕೆಲಸ ಅದು.

ಚೂರುಗಳ ನಡುವೆ ದೊಡ್ಡ ದೊಡ್ಡ ಅಂತರಗಳಿವೆ. ಅಂತರವಿದ್ದಲ್ಲಿ ಪ್ರಾಣಿಯೇ ಇರಲಿಲ್ಲವೆಂದು ಹೇಳಬಹುದೆ? ಹೇಳಲಾಗದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಕನ್ನಡ ಗದ್ಯಕಾರರ ಹೆಸರುಗಳಿವೆ. ಅವರ ಕನ್ನಡ ಗದ್ಯ ಒಂದು ಗರಿಯಷ್ಟಾದರೂ ನಮ್ಮ ಕೈಗೆ ಬಂದಿಲ್ಲ. ಹಾಗೆಂದು ಆ ಕಾಲದಲ್ಲಿ ಕನ್ನಡ ಗದ್ಯವೇ ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಕಲ್ಲಿನ ಗ್ರಂಥವನ್ನು ಓದುವಾಗಲೂ ಇದೇ ವಿವೇಕ ಬೇಕು. ‘ಕಾಣಲಿಲ್ಲ’ ಎಂಬುದು ಒಂದು ಮಾತು. ‘ಇರಲಿಲ್ಲ’ ಎಂಬುದು ಬೇರೆಯೇ ಮಾತು.

ಈ ವಿಚಾರಕ್ಕೆ ಇಂದಿನ ನಮ್ಮ ಬದುಕಿನೊಡನೆಯೂ ಸಂಬಂಧವುಂಟು. ಕಡಲಸೌತೆಯನ್ನು ಬೇಯಿಸಿ ಒಣಗಿಸಿ ತಿನ್ನುವ ರೂಢಿ ಚೀನಾ ಮೊದಲಾದ ಪೂರ್ವದೇಶಗಳಲ್ಲಿ ಬಹುಕಾಲದಿಂದ ಇದೆ. ನಮ್ಮ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳಿಂದ ಅದು ಹೊರದೇಶಗಳಿಗೆ ಹೋಗುತ್ತಿತ್ತು. ಬೆಲೆ ಏರಿದಂತೆ ಹಿಡಿಯುವುದೂ ಹೆಚ್ಚಿತು. ಪ್ರಾಣಿಗಳ ಸಂಖ್ಯೆ ಇಳಿಯಿತು. ಕಡೆಗೆ 2001ರಲ್ಲಿ ಭಾರತ ಸರ್ಕಾರ ಕಡಲಸೌತೆಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾನೂನಿನ ಒಂದನೆಯ ಅನುಸೂಚಿಗೆ ಸೇರಿಸಿ, ಹಿಡಿಯುವುದನ್ನು ನಿಷೇಧಿಸಿತು. ಅದನ್ನೇ ನಂಬಿದ್ದ ಬೆಸ್ತರ ಸಂಸಾರಗಳಿಗೆ ಇದರಿಂದ ಕಷ್ಟವಾಯಿತೆಂಬುದೂ ನಿಜ. ಅವರ ಅಹವಾಲನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಮಾತನ್ನು ಯೋಚಿಸಬೇಕು. ಆನೆ ಅಳಿದರೆ ಅದರ ಮೂಳೆಯಾದರೂ ಉಳಿದು, ಇಂಥ ಪ್ರಾಣಿ ಇತ್ತೆಂದು ಸಾಕ್ಷಿ ನುಡಿದೀತು. ಕಡಲಸೌತೆಯ ಒಂದು ಜಾತಿ ಅಳಿದರೆ, ಅದರ ಬಣ್ಣವೇನು, ನಡೆ ಹೇಗಿತ್ತು, ಏನನ್ನು ತಿನ್ನುತ್ತಿತ್ತು ಎಂದು ತಿಳಿಸಲು ಹಿಂದೆ ಏನೂ ಉಳಿಯದು. ಸಿಕ್ಕಿದರೆ ಸಿಕ್ಕೀತು, ಕೆಸರಿನಲ್ಲಿ ಒಂದು ಚಕ್ರ, ಒಂದು ಲಂಗರು, ಒಂದು ಗುಂಡಿ.

ಮುಂದೆ ಎಂದಾದರೂ ಕಡಲತೀರಕ್ಕೆ ಹೋದಾಗ, ಅಂಗೈಯಲ್ಲಿ ಒಂದು ಹಿಡಿ ಮರಳನ್ನು ತೆಗೆದುಕೊಂಡು ನಿಧಾನವಾಗಿ ನೋಡಿರಿ. ಕಲ್ಲಿನ ಪುಡಿಯೊಡನೆ ಎಷ್ಟೋ ಜೀವಿಗಳ ಚಿಪ್ಪು, ಮುಳ್ಳು, ಕವಚಗಳ ಚೂರುಗಳು ಅದರಲ್ಲಿ ಬೆರೆತಿರುತ್ತವೆ. ಜೊತೆಗೆ ಮಕ್ಕಳಿದ್ದರೆ, ಒಂದು ಭೂತಗನ್ನಡಿಯನ್ನೂ ಅವರ ಕೈಗೆ ಕೊಡಿರಿ.